ಸೋತವರು ನೆಟ್ಟ ಕಲ್ಲುಗಳು

ಮುಂಬಯಿ ವಿಶ್ವವಿದ್ಯಾಲಯದ ಹಳೆಯ ಆವರಣದಲ್ಲಿರುವ ರಾಜಾಬಾಯಿ ಗೋಪುರಕ್ಕೂ ಅಮೆರಿಕದ ಅಂತರ್ಯುದ್ಧಕ್ಕೂ ನಂಟಿದೆ ಎಂದರೆ, ಫೋರ್ಟ್‌ನಲ್ಲಿ ದಿನವೂ ಓಡಾಡುವವರೂ ಹುಬ್ಬೇರಿಸಿಯಾರು. 1861ರಲ್ಲಿ ಆ ಯುದ್ಧ ಶುರುವಾದಾಗ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಅಲ್ಲಿಯವರೆಗೆ ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಆ ಬಂದರುಗಳಿಂದಲೇ ಹೋಗುತ್ತಿತ್ತು. ಅದು ನಿಂತದ್ದೇ ತಡ, ಗಿರಣಿ ಮಾಲೀಕರ ಕಣ್ಣು ಮುಂಬಯಿಯತ್ತ ಹೊರಳಿತು. ಮಾಮೂಲಿ ಬೆಲೆಗೆ ಬರಬೇಕಾದುದಕ್ಕಿಂತ ಸುಮಾರು 8 ಕೋಟಿ ಪೌಂಡ್ ಹೆಚ್ಚಿನ ಹಣ ಆ ನಾಲ್ಕೈದು ವರ್ಷಗಳಲ್ಲಿ ಈ ಊರಿಗೆ ಹರಿದು ಬಂತೆಂದು ಅಂದಿನವರ ಅಂದಾಜು. ಬ್ಯಾಂಕುಗಳು, ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳು ಅಣಬೆಯಂತೆ ಎದ್ದವು. ಹತ್ತಿಯ ದೊಡ್ಡ ದಲ್ಲಾಳಿ ಪ್ರೇಮಚಂದ್ ರಾಯಚಂದ್ ಶೇರು ಪೇಟೆಯ ರಾಜನಾದ. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂತು, ಹತ್ತಿಯ ಬೆಲೆ ನೆಲಕಚ್ಚಿತು, ಜುಲೈ 1ರ ವಾಯಿದೆಗೆ ಪೇಟೆಯೇ ಕುಸಿಯಿತು. ಆ ಹೊಡೆತದಿಂದ ಬ್ಯಾಂಕ್ ಆಫ್ ಬಾಂಬೆ ಮೇಲೇಳಲಿಲ್ಲ. ರಾಯಚಂದ್ ತನ್ನ ತಾಯಿಯ ಹೆಸರಿನಲ್ಲಿ ಕೊಟ್ಟ ಹಣದಿಂದ ಕಟ್ಟಿದ ಗೋಪುರ ಮಾತ್ರ 1878ರಲ್ಲಿ ಪೂರ್ತಿಯಾಗಿ, ಇಂದಿಗೂ ನಿಂತಿದೆ.

ಧಾರವಾಡ ಸೀಮೆಗೆ ಈ ನಂಟು ಇನ್ನೂ ಹತ್ತಿರದ್ದು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಹಿಂದುಸ್ತಾನಕ್ಕೆ ಕರೆಸಿತ್ತು. ಬಹುತೇಕ ಕಡೆ ಅವರ ಪ್ರಯೋಗ ಕೈಕೊಟ್ಟಿತು. ಆದರೆ ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಎರೆ ಹೊಲಕ್ಕೆ ಒಗ್ಗಿಕೊಂಡಿತು. ಯುದ್ಧದ ವರ್ಷಗಳಲ್ಲಿ ಆ ಅರಳೆಗೆ ಬಂದ ಬೆಲೆ ಹಿಂದೆಂದೂ ಬಂದಿರಲಿಲ್ಲ. ಕಲಬೆರಕೆಯೂ ಅಷ್ಟೇ ಜೋರಾಯಿತು. ಹತ್ತಿಯ ಮೋಸ ತಡೆಯಲೆಂದೇ ಮುಂಬಯಿ ಸರಕಾರ 1863ರಲ್ಲಿ ಒಂದು ಕಾಯಿದೆ ತರಬೇಕಾಯಿತು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಲ್ಲೇ ಹಡಗಿಗೇರಿಸಿದರೆ ಹೇಗೆ ಎಂಬ ಲೆಕ್ಕಾಚಾರ ಬಿರುಸಾದದ್ದೂ ಆಗಲೇ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಬಂದರಿನ ಆಸೆಯೂ ಇತ್ತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಎರಡು ತುಂಡುಗಳು 1956ರವರೆಗೆ ಎರಡು ರಾಜಧಾನಿಗಳಿಗೆ ಅರ್ಜಿ ಬರೆದುಕೊಂಡವು.

ಇಷ್ಟೆಲ್ಲ ಆದರೂ ಮುಂಬಯಿಯಲ್ಲಾಗಲಿ ಗದಗದಲ್ಲಾಗಲಿ ಯಾರೂ ತಮ್ಮನ್ನು ಆ ಯುದ್ಧದ ಮಕ್ಕಳು ಎಂದುಕೊಳ್ಳುವುದಿಲ್ಲ. ಇತ್ತ ಅಮೆರಿಕದಲ್ಲಿ, ಯುದ್ಧ ನಡೆದಾಗ ಅಜ್ಜಂದಿರು ಇನ್ನೂ ಯುರೋಪಿನಲ್ಲೇ ಇದ್ದ ಮನೆತನದ ಹುಡುಗನೊಬ್ಬ ತನ್ನ ಪಿಕಪ್ ಗಾಡಿಯ ಹಿಂದೆ ಸೋತವರ ಬಾವುಟ ಅಂಟಿಸಿಕೊಂಡು, ಇದು ನಮ್ಮ ಪರಂಪರೆ ಅನ್ನುತ್ತಾನೆ. ಯುದ್ಧದ ಪರಿಣಾಮ ಬೇರೆ, ಯುದ್ಧದ ನೆನಪು ಬೇರೆ. ಪರಿಣಾಮ ತಾನಾಗಿ ಉಳಿಯುತ್ತದೆ. ನೆನಪನ್ನು ಯಾರಾದರೂ ಕೂತು ಕಟ್ಟಬೇಕು, ಅದಕ್ಕೆ ಹಣ ಹೊಂದಿಸಬೇಕು, ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕು. ಅಮೆರಿಕದ ದಕ್ಷಿಣದಲ್ಲಿ ಈ ಕೆಲಸ ಹೇಗೆ ನಡೆಯಿತು ಎಂಬುದಕ್ಕೆ ತಾರೀಖು, ಜಾಗ, ರಸೀದಿ ಸಮೇತ ದಾಖಲೆಗಳಿವೆ. ಹಾಗಾಗಿ ಈ ವಿಷಯ ಅರಿಯಲು ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಏನಾಗಿತ್ತು

ಯುದ್ಧದ ಕತೆ ಚುಟುಕಾಗಿ ಸಾಕು. 1860ರ ಜನಗಣತಿಯಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬಬಾರದು ಎನ್ನುತ್ತಿದ್ದ ಪಕ್ಷದ ಅಬ್ರಹಾಂ ಲಿಂಕನ್ ಅದೇ ವರ್ಷ ಗೆದ್ದರು. ಅವರು ಅಧಿಕಾರಕ್ಕೆ ಬರುವ ಮೊದಲೇ, ಡಿಸೆಂಬರ್ 20ರಂದು, ಸೌತ್ ಕ್ಯಾರೊಲೈನಾ ಒಕ್ಕೂಟದಿಂದ ಹೊರಬಿತ್ತು. ಕೊನೆಗೆ ಹನ್ನೊಂದು ರಾಜ್ಯಗಳು ಸೇರಿ ‘ಕಾನ್ಫೆಡರಸಿ’ ಎಂಬ ಬೇರೆ ದೇಶ ಸಾರಿಕೊಂಡವು. 1861ರ ಏಪ್ರಿಲ್‌ನಿಂದ 1865ರ ಏಪ್ರಿಲ್‌ವರೆಗೆ ಕಾಳಗ ನಡೆಯಿತು. ಸತ್ತ ಸೈನಿಕರು 6 ಲಕ್ಷ 20 ಸಾವಿರ ಎಂಬುದು ಹಳೆಯ ಲೆಕ್ಕ. ಜನಗಣತಿಗಳನ್ನು ಮತ್ತೆ ತಾಳೆ ನೋಡಿದ ಈಚಿನ ಲೆಕ್ಕ ಏಳೂವರೆ ಲಕ್ಷದ ಹತ್ತಿರ ಹೋಗುತ್ತದೆ. ದಕ್ಷಿಣ ಸೋತಿತು, ಗುಲಾಮಗಿರಿ ಕಾನೂನಿನಲ್ಲಿ ಅಳಿಯಿತು.

ದಕ್ಷಿಣ ಏತಕ್ಕಾಗಿ ಹೊರಬಿತ್ತು ಎಂಬ ಪ್ರಶ್ನೆಗೆ ನಾವು ಊಹೆ ಮಾಡಬೇಕಾಗಿಲ್ಲ. ಹೊರಬಿದ್ದವರೇ ಬರೆದಿಟ್ಟಿದ್ದಾರೆ. ತಮ್ಮ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಪೂರ್ತಿ ಬೆಸೆದುಕೊಂಡಿದೆ ಎಂದು ಮಿಸಿಸಿಪ್ಪಿ ತನ್ನ ಘೋಷಣೆಯ ಆರಂಭದಲ್ಲೇ ಹೇಳಿತು. ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಗ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಸವಾನಾದಲ್ಲಿ ಮಾತಾಡುತ್ತ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬ ನಂಬಿಕೆಯೇ ತಮ್ಮ ಹೊಸ ಸರಕಾರದ ಮೂಲೆಗಲ್ಲು ಎಂದ. ಗೆಲ್ಲುತ್ತೇವೆ ಎಂಬ ಧೈರ್ಯವಿದ್ದಾಗ ಆಡಿದ ಮಾತಿದು. ಸೋತ ಮೇಲೆ ಅದೇ ಸ್ಟೀಫನ್ಸ್ ದಪ್ಪ ಪುಸ್ತಕ ಬರೆದು, ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ ಎಂದು ವಾದಿಸಿದ.

ಸೋಲನ್ನು ಸಿಂಗರಿಸಿದ್ದು

1866ರಲ್ಲೇ ರಿಚ್ಮಂಡಿನ ಪತ್ರಕರ್ತ ಎಡ್ವರ್ಡ್ ಪೊಲಾರ್ಡ್ ದಕ್ಷಿಣದ ಕತೆಗೆ ‘ಲಾಸ್ಟ್ ಕಾಸ್’, ಅಂದರೆ ಸೋತ ಧ್ಯೇಯ, ಎಂಬ ಹೆಸರಿಟ್ಟ. ಮುಂದೆ ಆ ಹೆಸರು ಒಂದು ಇಡೀ ಕಥನಕ್ಕೆ ಅಂಟಿಕೊಂಡಿತು. ಆ ಕಥನದಲ್ಲಿ ದಕ್ಷಿಣದವರು ಸೋತದ್ದು ಧೈರ್ಯದಲ್ಲಲ್ಲ, ಬರೀ ಸಂಖ್ಯೆಯಲ್ಲಿ. ಹೋರಾಡಿದ್ದು ಗುಲಾಮಗಿರಿಗಲ್ಲ, ತಮ್ಮ ನೆಲ ಮತ್ತು ಹಕ್ಕಿಗೆ. ಗುಲಾಮರು ಒಡೆಯರ ಮನೆಯಲ್ಲಿ ತೃಪ್ತರಾಗಿದ್ದರು. ಸೇನಾಪತಿ ರಾಬರ್ಟ್ ಲೀ ಸಾಕ್ಷಾತ್ ಧರ್ಮರಾಯ. ಸೋಲಿಗೆ ಹೊಣೆ ಹೊರಲು ಬೇರೊಬ್ಬ ಸೇನಾನಿ ಬೇಕಿತ್ತು. ಯುದ್ಧದ ಬಳಿಕ ಕಪ್ಪು ಜನರ ಪರ ನಿಂತ ಜೇಮ್ಸ್ ಲಾಂಗ್‌ಸ್ಟ್ರೀಟ್ ಅದಕ್ಕೆ ಸಿಕ್ಕಿಬಿದ್ದ.

ಲೀಗೆ ಈ ಮೆರವಣಿಗೆ ಬೇಕಿರಲಿಲ್ಲ. ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಗುರುತಿನ ಕಲ್ಲು ನೆಡಲು ಬನ್ನಿ ಎಂದು 1869ರಲ್ಲಿ ಕರೆದಾಗ, ಯುದ್ಧದ ಹುಣ್ಣನ್ನು ಕೆರೆಯದಿರುವುದೇ ಜಾಣತನ ಎಂಬರ್ಥದ ಉತ್ತರ ಬರೆದಿದ್ದ. ಮರುವರ್ಷ ತೀರಿಕೊಂಡ. ಸತ್ತವರ ಮಾತು ಸ್ಮಾರಕ ಸಮಿತಿಗಳು ಕೇಳುವುದು ಕಡಿಮೆ.

ನಮ್ಮ ವೀರಗಲ್ಲನ್ನು ನೆನೆದರೆ ಮುಂದಿನ ಮಾತು ಚೆನ್ನಾಗಿ ತಿಳಿಯುತ್ತದೆ. ಮುಂಬಯಿಯಲ್ಲೇ, ಬೊರಿವಲಿಯ ಏಕ್ಸರ್‌ನಲ್ಲಿ, ಹಡಗುಗಳ ಕಾಳಗ ಕೆತ್ತಿದ ವೀರಗಲ್ಲುಗಳಿವೆ. ನೋಡದವರು ಒಮ್ಮೆ ನೋಡಿ ಬನ್ನಿ. ತುರುಗೋಳಿನಲ್ಲಿ ಒಬ್ಬ ಸತ್ತರೆ ಅವನ ಮನೆಯವರೋ ಒಡೆಯನೋ ಊರವರೋ ಕಲ್ಲು ನಿಲ್ಲಿಸುತ್ತಿದ್ದರು. ಸತ್ತವನ ಬಿಸಿ ಇನ್ನೂ ಆರಿರುತ್ತಿರಲಿಲ್ಲ. ಅಮೆರಿಕದ ದಕ್ಷಿಣದಲ್ಲೂ ಮೊದಲ ಸ್ಮಾರಕಗಳು ಹೆಚ್ಚುಕಡಿಮೆ ಹೀಗೇ ಇದ್ದವು. ಹೆಚ್ಚಿನವು ಸ್ಮಶಾನದಲ್ಲಿ ಇದ್ದವು, ಸತ್ತವರಿಗಾಗಿ ಇದ್ದವು. ಆದರೆ ನಾವು ಸುದ್ದಿಯಲ್ಲಿ ನೋಡುವ ಪ್ರತಿಮೆಗಳು ಆ ಕಾಲದವಲ್ಲ. ಅವುಗಳಲ್ಲಿ ಬಹುಪಾಲು ಎದ್ದದ್ದು 1890ರಿಂದ 1920ರ ದಶಕದ ಒಳಗೆ, ಯುದ್ಧ ಮುಗಿದು ಒಂದೆರಡು ತಲೆಮಾರು ಕಳೆದ ಮೇಲೆ. ಜಾಗವೂ ಸ್ಮಶಾನದಿಂದ ಕೋರ್ಟಿನ ಅಂಗಳಕ್ಕೆ ಬದಲಾಯಿತು.

ಆ ನಡುವಿನ ವರ್ಷಗಳಲ್ಲಿ ಏನಾಯಿತು ಎಂಬುದೇ ಇಲ್ಲಿಯ ಮುಖ್ಯ ಸಂಗತಿ. ಯುದ್ಧದ ನಂತರ ಸುಮಾರು ಹನ್ನೆರಡು ವರ್ಷ ಕಪ್ಪು ಗಂಡಸರು ದಕ್ಷಿಣದಲ್ಲಿ ಮತ ಹಾಕಿದರು, ಶಾಸನಸಭೆಗೆ ಹೋದರು, ಶಾಲೆ ಕಟ್ಟಿದರು. 1877ರಲ್ಲಿ ಕೇಂದ್ರ ಸರಕಾರ ದಕ್ಷಿಣದ ರಾಜಕೀಯಕ್ಕೆ ಸೇನೆಯ ಬೆಂಬಲ ಕೊಡುವುದನ್ನು ಕೈಬಿಟ್ಟಿತು. ಆಮೇಲೆ ಒಂದೊಂದೇ ರಾಜ್ಯ ಆ ಹಕ್ಕನ್ನು ಕಿತ್ತುಕೊಂಡಿತು. 1890ರಲ್ಲಿ ಮಿಸಿಸಿಪ್ಪಿ ಹೊಸ ಸಂವಿಧಾನ ಬರೆದು, ತಲೆಗಂದಾಯ, ಓದುವ ಪರೀಕ್ಷೆಗಳ ಹೆಸರಿನಲ್ಲಿ ಕಪ್ಪು ಜನರನ್ನು ಮತಪಟ್ಟಿಯಿಂದ ಅಳಿಸಿತು. 1896ರಲ್ಲಿ ಸುಪ್ರೀಂ ಕೋರ್ಟು ಬೇರೆ ಬೇರೆ ರೈಲು ಡಬ್ಬಿಗಳಿಗೆ ಒಪ್ಪಿಗೆಯ ಮುದ್ರೆ ಒತ್ತಿತು. 1898ರಲ್ಲಿ ನಾರ್ತ್ ಕ್ಯಾರೊಲೈನಾದ ವಿಲ್ಮಿಂಗ್ಟನ್‌ನಲ್ಲಿ ಬಿಳಿಯರ ಸಶಸ್ತ್ರ ಗುಂಪು ಚುನಾಯಿತ ನಗರಾಡಳಿತವನ್ನೇ ಉರುಳಿಸಿ ಕಪ್ಪು ಜನರನ್ನು ಕೊಂದಿತು. ಪ್ರತಿಮೆಗಳು ಎದ್ದದ್ದು ಈ ಕಾಲದಲ್ಲಿ. ಕೋರ್ಟಿನ ಮೆಟ್ಟಿಲು ಹತ್ತುವ ಕಪ್ಪು ಮನುಷ್ಯನಿಗೆ ಬಾಗಿಲಲ್ಲೇ ಬಂದೂಕು ಹಿಡಿದು ನಿಂತ ಕಲ್ಲಿನ ಸಿಪಾಯಿ ಏನು ಹೇಳುತ್ತಿದ್ದ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೆಲವೊಮ್ಮೆ ಬಿಡಿಸಿಯೂ ಹೇಳಿದರು. ನಾರ್ತ್ ಕ್ಯಾರೊಲೈನಾದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದಲ್ಲಿ 1913ರಲ್ಲಿ ‘ಸೈಲೆಂಟ್ ಸ್ಯಾಮ್’ ಎಂಬ ಸಿಪಾಯಿಯ ಪ್ರತಿಮೆ ಅನಾವರಣವಾಯಿತು. ಅಂದಿನ ಭಾಷಣಕಾರರಲ್ಲಿ ಒಬ್ಬನಾದ ಉದ್ಯಮಿ ಜೂಲಿಯನ್ ಕಾರ್, ಯುದ್ಧದಿಂದ ಮರಳಿದ ಹೊಸತರಲ್ಲಿ ಇಲ್ಲೇ ಹತ್ತಿರದ ಬೀದಿಯಲ್ಲಿ ಒಬ್ಬ ಕಪ್ಪು ಹೆಂಗಸಿಗೆ ಚಾಟಿಯಿಂದ ಬಾರಿಸಿದ್ದೆ ಎಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳಿಕೊಂಡ. ಚಾಪೆಲ್ ಹಿಲ್, ರಾಲಿ, ಡರಮ್ ಸುತ್ತ ಇಂದು ಕನ್ನಡದ ಮನೆಗಳು ಬೇಕಾದಷ್ಟಿವೆ. ಮಕ್ಕಳನ್ನು ನೋಡಲು ಡೊಂಬಿವಲಿಯಿಂದ, ಥಾಣೆಯಿಂದ ಹೋಗುವ ತಂದೆತಾಯಿಯರು ಆ ಆವರಣದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. 2018ರ ಆಗಸ್ಟ್‌ನಲ್ಲಿ ಚಳವಳಿಗಾರರು ಸ್ಯಾಮ್‌ನನ್ನು ಕೆಡವಿದರು. ಅವನು ಐದು ವರ್ಷ ತಡವಾಗಿ ಬಿದ್ದ, ಯಾಕೆಂದರೆ ನೂರು ವರ್ಷ ತುಂಬುವ ಹೊತ್ತಿಗೆ ಆ ಭಾಷಣ ಬೆಳಕಿಗೆ ಬಂದಾಗಿತ್ತು ಎನ್ನುವುದು ನನ್ನ ಅಭಿಪ್ರಾಯ.

ಇಷ್ಟು ಪ್ರತಿಮೆಗಳಿಗೆ ಹಣ ಕೂಡಿಸಿದವರು ಹೆಚ್ಚಾಗಿ ಹೆಂಗಸರು. 1894ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ ‘ಯುನೈಟೆಡ್ ಡಾಟರ್ಸ್ ಆಫ್ ದ ಕಾನ್ಫೆಡರಸಿ’ ಎಂಬ ಸಂಘದವರು ಮೇಳ ನಡೆಸಿ, ಚಂದಾ ಎತ್ತಿ, ಊರೂರಿಗೆ ಸಿಪಾಯಿ ನಿಲ್ಲಿಸಿದರು. ತಮಾಷೆಯೆಂದರೆ ಆ ಸಿಪಾಯಿಗಳಲ್ಲಿ ಕೆಲವರು ಬಂದದ್ದು ಉತ್ತರದ ಕನೆಕ್ಟಿಕಟ್‌ನ ಒಂದು ಎರಕದ ಕಾರ್ಖಾನೆಯಿಂದ. ಕ್ಯಾಟಲಾಗ್ ನೋಡಿ ತರಿಸಬಹುದಿತ್ತು. ಉತ್ತರದ ಊರಿಗೂ ದಕ್ಷಿಣದ ಊರಿಗೂ ಹೆಚ್ಚುಕಡಿಮೆ ಅದೇ ಮುಖ, ಅದೇ ನಿಲುವು. ಬೆಲ್ಟಿನ ಬಿಲ್ಲೆಯ ಮೇಲಿನ ಅಕ್ಷರವಷ್ಟೇ ಬೇರೆ.

ಪ್ರತಿಮೆಗಿಂತ ಆಳಕ್ಕೆ ಇಳಿದದ್ದು ಪಠ್ಯಪುಸ್ತಕ. ಈ ಸಂಘದವರು ಮಕ್ಕಳಿಗಾಗಿ ಪ್ರಶ್ನೋತ್ತರದ ಪುಸ್ತಿಕೆ ಮಾಡಿದರು. ಗುಲಾಮರಿಗೆ ಒಡೆಯರ ಮೇಲೆ ಪ್ರೀತಿಯಿತ್ತು ಎಂಬ ಉತ್ತರವನ್ನು ಮಗು ಗಟ್ಟಿಯಾಗಿ ಒಪ್ಪಿಸಬೇಕಿತ್ತು. ಸಂಘದ ಇತಿಹಾಸ ವಿಭಾಗ ನೋಡಿಕೊಳ್ಳುತ್ತಿದ್ದ ಮಿಲ್ಡ್ರೆಡ್ ರದರ್‌ಫರ್ಡ್ 1920ರ ಹೊತ್ತಿಗೆ ಶಾಲೆಗಳಿಗೂ ಗ್ರಂಥಾಲಯಗಳಿಗೂ ಒಂದು ಅಳತೆಗೋಲು ಕೊಟ್ಟರು. ದಕ್ಷಿಣ ಗುಲಾಮರನ್ನು ಉಳಿಸಿಕೊಳ್ಳಲು ಹೋರಾಡಿತು ಎನ್ನುವ ಪುಸ್ತಕ ಬೇಡ, ಒಡೆಯರು ಕ್ರೂರಿಗಳು ಎನ್ನುವ ಪುಸ್ತಕ ಬೇಡ. ಪ್ರಕಾಶಕರಿಗೆ ಮಾರುಕಟ್ಟೆ ಬೇಕಲ್ಲ, ಅವರೂ ಬಗ್ಗಿದರು. ವರ್ಜೀನಿಯಾ ಸರಕಾರ 1957ರಲ್ಲಿ ತಂದ ಇತಿಹಾಸದ ಪಠ್ಯದಲ್ಲಿ ಒಂದು ಚಿತ್ರವಿತ್ತು. ಹಡಗಿನಿಂದ ಇಳಿದ ಗುಲಾಮ ಕುಟುಂಬ ಒಳ್ಳೆಯ ಬಟ್ಟೆ ತೊಟ್ಟು ಹೊಸ ಒಡೆಯನ ಕೈಕುಲುಕುತ್ತದೆ! 1970ರ ದಶಕದವರೆಗೂ ಮಕ್ಕಳು ಅದನ್ನೇ ಓದಿದರು. ಅಂದರೆ ಅಲ್ಲಿ ಇಂದು ಅರವತ್ತು ದಾಟಿದ ಎಷ್ಟೋ ಜನರ ಬಾಲ್ಯದ ಇತಿಹಾಸ ಅದು. ಅವರೊಂದಿಗೆ ವಾದಕ್ಕಿಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ ಅನಿಸುವುದಿಲ್ಲ, ಕಲಿತದ್ದನ್ನು ಹೇಳುತ್ತಿದ್ದಾರೆ.

ಬಾವುಟದ ಕತೆಯೂ ಇದೇ ದಾರಿಯದು. ಓರೆಯಾಗಿ ಒಂದನ್ನೊಂದು ಹಾಯುವ ಎರಡು ನೀಲಿ ಪಟ್ಟಿ, ಅವುಗಳಲ್ಲಿ ನಕ್ಷತ್ರ ಇರುವ ಆ ಕೆಂಪು ಬಾವುಟ ಕಾನ್ಫೆಡರಸಿಯ ರಾಷ್ಟ್ರಧ್ವಜವಾಗಿ ಒಂದು ದಿನವೂ ಹಾರಲಿಲ್ಲ. ಅದು ಸೇನೆಯ ರಣಧ್ವಜ. 1948ರಲ್ಲಿ, ಕಪ್ಪು ಜನರ ಹಕ್ಕುಗಳ ಮಾತೆತ್ತಿದ ಸ್ವಪಕ್ಷದ ವಿರುದ್ಧ ಬಂಡೆದ್ದ ದಕ್ಷಿಣದ ರಾಜಕಾರಣಿಗಳ ಸಭೆಗಳಲ್ಲಿ ಅದು ಮೇಲೆದ್ದಿತು. ಶಾಲೆಗಳಲ್ಲಿ ಬಿಳಿಯರು, ಕರಿಯರು ಎಂದು ಬೇರ್ಪಡಿಸಬಾರದು ಎಂಬ ತೀರ್ಪು 1954ರಲ್ಲಿ ಬಂತು. 1956ರಲ್ಲಿ ಜಾರ್ಜಿಯಾ ತನ್ನ ರಾಜ್ಯಧ್ವಜದೊಳಗೆ ಆ ಗುರುತು ಸೇರಿಸಿಕೊಂಡಿತು. ಯುದ್ಧಕ್ಕೆ ನೂರು ತುಂಬಿದ ನೆಪದಲ್ಲಿ ಸೌತ್ ಕ್ಯಾರೊಲೈನಾ ಅದನ್ನು ಶಾಸನಭವನದ ಮೇಲೆ ಏರಿಸಿ, ಇಳಿಸುವುದನ್ನು ಮರೆತಂತೆ ನಟಿಸಿತು.

‘ನಾವು’ ಅಂದರೆ ಯಾರು

ನೆನಪು ಘಟನೆಗೆ ಎಷ್ಟು ಕಡಿಮೆ ಋಣಿ ಎಂಬುದಕ್ಕೆ ಕೆಂಟಕಿ ರಾಜ್ಯ ನೋಡಿ. ಅದು ಒಕ್ಕೂಟ ಬಿಟ್ಟು ಹೋಗಲೇ ಇಲ್ಲ. ಅಲ್ಲಿಯ ಸೈನಿಕರಲ್ಲಿ ಹೆಚ್ಚಿನವರು ಉತ್ತರದ ಪರವಾಗಿಯೇ ಹೋರಾಡಿದರು. ಆದರೆ ಯುದ್ಧ ಮುಗಿದು ಗುಲಾಮರು ಬಿಡುಗಡೆಯಾದ ಮೇಲೆ ಅಲ್ಲಿಯ ಬಿಳಿಯರಿಗೆ ತಾವು ದಕ್ಷಿಣದವರು ಅನಿಸತೊಡಗಿತು. ಗೆದ್ದವರ ಸ್ಮಾರಕಗಳಿಗಿಂತ ಎಷ್ಟೋ ಪಾಲು ಹೆಚ್ಚು ಸೋತವರ ಸ್ಮಾರಕಗಳು ಅಲ್ಲಿ ಎದ್ದವು. ಯುದ್ಧ ಮುಗಿಯುವವರೆಗೆ ಕಾದು ಆಮೇಲೆ ಕೆಂಟಕಿ ಒಕ್ಕೂಟ ಬಿಟ್ಟಿತು ಎಂದು ಅಲ್ಲಿಯವರೇ ಚಟಾಕಿ ಹಾರಿಸುತ್ತಾರೆ. ಇನ್ನು ವೆಸ್ಟ್ ವರ್ಜೀನಿಯಾ 1863ರಲ್ಲಿ ವರ್ಜೀನಿಯಾದಿಂದ ಸಿಡಿದು ರಾಜ್ಯವಾದದ್ದೇ ಕಾನ್ಫೆಡರಸಿ ಬೇಡವೆಂದು. ಇಂದು ಅಲ್ಲಿಯ ಗಾಡಿಗಳ ಮೇಲೂ ಆ ರಣಧ್ವಜ ಕಾಣಿಸುತ್ತದೆ.

1860ರಲ್ಲಿ ಸೌತ್ ಕ್ಯಾರೊಲೈನಾದ ಜನಸಂಖ್ಯೆಯಲ್ಲಿ ನೂರಕ್ಕೆ 57 ಮಂದಿ ಗುಲಾಮರು, ಮಿಸಿಸಿಪ್ಪಿಯಲ್ಲಿ 55. ಹಾಗಿದ್ದ ಮೇಲೆ 1865ರಲ್ಲಿ ‘ನಾವು ಸೋತೆವು’ ಎಂದು ಸೌತ್ ಕ್ಯಾರೊಲೈನಾ ಹೇಗೆ ಹೇಳೀತು? ಅಲ್ಲಿಯ ಅರ್ಧಕ್ಕಿಂತ ಹೆಚ್ಚು ಜನ ಅಂದು ಗೆದ್ದಿದ್ದರು. ‘ದಕ್ಷಿಣ ಸೋತಿತು’ ಎಂಬ ಮೂರು ಕಾಸಿನ ವಾಕ್ಯ ಅಷ್ಟೂ ಜನರನ್ನು ದಕ್ಷಿಣದ ಲೆಕ್ಕದಿಂದಲೇ ಹೊರಗಿಡುತ್ತದೆ. ಪ್ರಾದೇಶಿಕ ಅಸ್ಮಿತೆ ಕಟ್ಟುವಾಗ ನಡೆಯುವ ದೊಡ್ಡ ಕೈಚಳಕ ಇದೇ. ಸುಳ್ಳು ಹೇಳಬೇಕಾಗಿಲ್ಲ, ‘ನಾವು’ ಎಂಬುದರ ಬೇಲಿಯನ್ನು ಸ್ವಲ್ಪ ಒಳಕ್ಕೆ ಸರಿಸಿದರೆ ಸಾಕು.

ಬೇಲಿಯ ಹೊರಗಿದ್ದವರೂ ನೆನಪಿಟ್ಟುಕೊಂಡರು, ಅವರಿಗೆ ಕೋರ್ಟಿನ ಅಂಗಳ ಸಿಗಲಿಲ್ಲ ಅಷ್ಟೆ. 1865ರ ಮೇ 1ರಂದು ಚಾರ್ಲ್‌ಸ್ಟನ್‌ನಲ್ಲಿ ಬಿಡುಗಡೆಯಾದ ಕಪ್ಪು ಜನ, ದಕ್ಷಿಣದವರ ಸೆರೆಯಲ್ಲಿ ಸತ್ತು ಗುಂಡಿಯಲ್ಲಿ ಹೂತುಹೋಗಿದ್ದ ಉತ್ತರದ ಸೈನಿಕರಿಗೆ ಸರಿಯಾದ ಸಮಾಧಿ ಮಾಡಿ, ಹೂ ಹಿಡಿದು ಸಾವಿರಾರು ಸಂಖ್ಯೆಯಲ್ಲಿ ಮೆರವಣಿಗೆ ನಡೆಸಿದರು. ಅದೇ ಬಂದರಿನಲ್ಲಿ 1862ರಲ್ಲಿ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ಚಾಲಕ ಕಾನ್ಫೆಡರಸಿಯ ಹಡಗನ್ನೇ ಹಾರಿಸಿಕೊಂಡು, ಹೆಂಡತಿ ಮಕ್ಕಳ ಸಮೇತ ಉತ್ತರದ ನೌಕಾಪಡೆ ಸೇರಿದ್ದ. ಮುಂದೆ ಸಂಸತ್ತಿಗೆ ಆರಿಸಿ ಬಂದ. ಸುಮಾರು 1 ಲಕ್ಷ 80 ಸಾವಿರ ಕಪ್ಪು ಗಂಡಸರು ಉತ್ತರದ ಸೇನೆಯಲ್ಲಿದ್ದರು. ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ಗೆ ಬಿಡುಗಡೆಯ ಆದೇಶ ತಲುಪಿದ 1865ರ ಜೂನ್ 19, ಮನೆಮನೆಯ ಹಬ್ಬವಾಗಿ, ಚರ್ಚಿನ ಊಟವಾಗಿ ಉಳಿದು, 2021ರಲ್ಲಿ ಕೊನೆಗೂ ರಾಷ್ಟ್ರೀಯ ರಜೆಯಾಯಿತು. ಇದೂ ದಕ್ಷಿಣದ ನೆನಪೇ. ಅಡುಗೆಯಲ್ಲಿ, ಸಂಗೀತದಲ್ಲಿ, ಮಾತಿನ ಧಾಟಿಯಲ್ಲಿ ಇವರಿಗಿಂತ ಹೆಚ್ಚು ದಕ್ಷಿಣದವರು ಯಾರು?

ಹುತಾತ್ಮ ಚೌಕದ ಹತ್ತಿರ

ಮುಂಬಯಿ ಕನ್ನಡಿಗರಿಗೆ ಈ ಕತೆ ಅಪರಿಚಿತವೆನಿಸದಿರಲು ಕಾರಣವಿದೆ. ನಮ್ಮ ನಾಡುಗಳ ನಡುವೆ ಅಂತರ್ಯುದ್ಧ ನಡೆದಿಲ್ಲ. ಭಾಷಾವಾರು ಪ್ರಾಂತಗಳ ಜಗಳವನ್ನು ಅದಕ್ಕೆ ಹೋಲಿಸಿದರೆ ಎರಡಕ್ಕೂ ಅನ್ಯಾಯ. ಆದರೆ ನೆನಪು ಕಟ್ಟುವ ಸಲಕರಣೆಗಳು ಎಲ್ಲೆಡೆ ಅವೇ: ಕಲ್ಲು, ಪಂಚಾಂಗ, ಪಾಠ.

ಫ್ಲೋರಾ ಫೌಂಟನ್ ಹತ್ತಿರದ ಹುತಾತ್ಮ ಸ್ಮಾರಕ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದವರದು. ಒಬ್ಬ ಕಾರ್ಮಿಕ, ಒಬ್ಬ ರೈತ, ಕೈಯಲ್ಲಿ ದೀವಟಿಗೆ. 1955, 1956ರ ಆ ಸಾವುಗಳು ನಿಜ, ನೋವೂ ನಿಜ. ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಹಗಲು ಹೋಟೆಲಲ್ಲಿ ದುಡಿದ ನಮ್ಮ ಹಿರಿಯರು ಆ ಚೌಕವನ್ನು ದಿನವೂ ದಾಟಿದವರು. ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳಿಗೆ ಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. ಅಲ್ಲಿ ಮಗು ಮಹಾರಾಷ್ಟ್ರ ಹುಟ್ಟಿದ ಕತೆಯನ್ನು ಅಚ್ಚಕನ್ನಡದಲ್ಲಿ ಓದುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋದರೆ, ಹುಬ್ಬಳ್ಳಿಯ ಚಿಕ್ಕಪ್ಪನ ಮಗ ಓದುವುದು ಕರ್ನಾಟಕ ಏಕೀಕರಣದ ಕತೆ. ನವೆಂಬರ್ 1 ಬಂದರೆ ಮಾಟುಂಗಾದಲ್ಲಿ ನಾವು ರಾಜ್ಯೋತ್ಸವ ಮಾಡುತ್ತೇವೆ; ಅದೇ ದಿನ ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕರಾಳ ದಿನ ಆಚರಿಸುತ್ತಾರೆ. ಒಂದೇ ತಾರೀಖು ಇಬ್ಬರ ಪಂಚಾಂಗದಲ್ಲಿ ಎರಡು ಬಣ್ಣ. ಎರಡೂ ಕಡೆಯ ಮಕ್ಕಳಿಗೆ ಅದು ಇತಿಹಾಸವಾಗಿ ಸಿಗುವ ಮೊದಲು ಹಬ್ಬವಾಗಿಯೋ ಸೂತಕವಾಗಿಯೋ ಸಿಗುತ್ತದೆ. ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿಯ ಪುಟಗಳು ಈ ಹಬ್ಬಸೂತಕಗಳ ಮುಂದೆ ಏನು ಮಾಡಿಯಾವು?

1969ರ ಫೆಬ್ರವರಿಯಲ್ಲಿ ಇದೇ ಗಡಿ ಪ್ರಶ್ನೆಗೆ ಮುಂಬಯಿ ಹೊತ್ತಿ ಉರಿಯಿತು. ಕೆಲವೇ ದಿನಗಳಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು, ಗಲ್ಲಾಪೆಟ್ಟಿಗೆ ಒಡೆಯಿತು. ಗುಂಡಿಗೆ ಬಲಿಯಾದವರನ್ನು ಆ ಚಳವಳಿ ನಡೆಸಿದ ಶಿವಸೇನೆ ಸೀಮಾ ಹೋರಾಟದ ಹುತಾತ್ಮರೆಂದು ನೆನೆಯುತ್ತದೆ. ಹೋಟೆಲಿನವರ ನೆನಪಿಗೆ ಕಲ್ಲಿಲ್ಲ, ತಾರೀಖಿಲ್ಲ, ಪಾಠವಿಲ್ಲ. ಅದು ಊಟದ ನಂತರದ ಮಾತಿನಲ್ಲಿ, ಶಟರ್ ಅರ್ಧ ಇಳಿಸಿ ಮಾಣಿಗಳನ್ನು ಒಳಗೆ ಕೂರಿಸಿದ ಕತೆಯಾಗಿ, ಬಹಳ ಮಟ್ಟಿಗೆ ತುಳುವಿನಲ್ಲಿ ಉಳಿದಿದೆ. ಅದರಿಂದ ಹುಟ್ಟಿದ ಅಸ್ಮಿತೆಯೂ ಬೇರೆ ಬಗೆಯದು. ನಾಮಫಲಕದಲ್ಲಿ ಮರಾಠಿ ಮೊದಲು, ಗಣೇಶೋತ್ಸವದ ಚಂದಾ ಮೊದಲೇ ತೆಗೆದಿಡುವುದು, ರಾಜಕೀಯದ ಮಾತು ಬಂದರೆ ಗಿರಾಕಿಗೆ ಇನ್ನೊಂದು ಚಹಾ. ಇದನ್ನು ಹೆದರಿಕೆ ಎಂದು ಕರೆಯುವವರಿದ್ದಾರೆ. ನನಗೆ ಇದು ಹೊಂದಿ ಬಾಳುವ ಜಾಣತನವಾಗಿಯೂ ಕಾಣುತ್ತದೆ. ಆ ಹೋಟೆಲುಗಳಲ್ಲಿ ಕಲ್ಲು ಬಿದ್ದ ವರ್ಷವೂ ತಿಂಡಿ ತಿಂದವರು ಹೆಚ್ಚಾಗಿ ಮರಾಠಿಗರೇ.

ಹಾಗೆ ನೋಡಿದರೆ ‘ಮುಂಬಯಿ ಕನ್ನಡಿಗ’ ಎಂಬ ಒಂದೇ ನೆನಪೂ ಇಲ್ಲ. ಕುಂದಾಪುರದವರ ಹಳೆಯ ರಾಜಧಾನಿ ಮದ್ರಾಸು. ಬೆಳಗಾವಿ ಅವರಿಗೆ ದೂರದ ಜಗಳ. ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ಮುಂಬಯಿ ಅಜ್ಜನ ಕಾಲದಿಂದಲೂ ತಮ್ಮದೇ ಪ್ರಾಂತದ ಪಟ್ಟಣ. ಗಡಿಯ ಮಾತು ಬಂದಾಗ ಇವರೆಲ್ಲರನ್ನೂ ಒಂದೇ ‘ನಾವು’ ಆಗಿ ನಿಲ್ಲಿಸುವವರನ್ನು, ನಮ್ಮವರಾದರೂ ಸರಿ, ಸ್ವಲ್ಪ ಅನುಮಾನದಿಂದ ನೋಡುವುದು ಲೇಸು.

ಕೆಡವಿದರೆ ಮುಗಿಯಿತೇ

2015ರ ಜೂನ್ 17ರಂದು ಚಾರ್ಲ್‌ಸ್ಟನ್‌ನ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದ ಒಂಬತ್ತು ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ರಣಧ್ವಜ ಹಿಡಿದ ಅವನ ಫೋಟೊಗಳು ಹೊರಬಂದವು. ಮರುತಿಂಗಳು ಸೌತ್ ಕ್ಯಾರೊಲೈನಾದ ಶಾಸನಭವನದ ಅಂಗಳದಿಂದ ಆ ಬಾವುಟ ಇಳಿಯಿತು. 2017ರ ಆಗಸ್ಟ್‌ನಲ್ಲಿ ಶಾರ್ಲಟ್ಸ್‌ವಿಲ್‌ನಲ್ಲಿ ಲೀಯ ಪ್ರತಿಮೆ ಉಳಿಸಲು ಬಂದ ಬಿಳಿ ಜನಾಂಗವಾದಿಗಳ ಪೈಕಿ ಒಬ್ಬ ಜನರ ಮೇಲೆ ಕಾರು ನುಗ್ಗಿಸಿ ಒಬ್ಬ ಯುವತಿಯನ್ನು ಕೊಂದ. ಆ ಲೀಯನ್ನು 2021ರಲ್ಲಿ ತೆಗೆದು, 2023ರಲ್ಲಿ ಕರಗಿಸಿಯೂ ಆಯಿತು. ಮಿಸಿಸಿಪ್ಪಿ 1894ರಿಂದ ಹಾರಿಸುತ್ತಿದ್ದ, ಅದೇ ರಣಧ್ವಜದ ಗುರುತಿದ್ದ ರಾಜ್ಯಧ್ವಜವನ್ನು 2020ರಲ್ಲಿ ಬದಲಿಸಿತು.

ರಿಚ್ಮಂಡಿನ ಭಾರಿ ಲೀ ಪ್ರತಿಮೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 1890ರಲ್ಲಿ ಅದು ಎದ್ದಾಗ ಆ ಊರಿನ ಕಪ್ಪು ಪತ್ರಿಕಾ ಸಂಪಾದಕ ಜಾನ್ ಮಿಚೆಲ್, ಇದನ್ನು ಎತ್ತಿ ನಿಲ್ಲಿಸಿದ್ದು ಕಪ್ಪು ಮನುಷ್ಯನ ಕೈ, ಕಾಲ ಬಂದಾಗ ಕೆಳಗಿಳಿಸಲೂ ಅವನೇ ಇರುತ್ತಾನೆ ಎಂಬರ್ಥದಲ್ಲಿ ಬರೆದಿದ್ದರು. 2021ರ ಸೆಪ್ಟೆಂಬರ್ 8ರಂದು ಅದನ್ನು ಇಳಿಸಿದ್ದು ಕಪ್ಪು ಗುತ್ತಿಗೆದಾರರೊಬ್ಬರ ಕಂಪನಿ.

ಕಲ್ಲು ತೆಗೆದರೆ ನೆನಪು ಹೋಗುವುದಿಲ್ಲ ಎಂಬುದಕ್ಕೆ ಮುಂಬಯಿಯವರಿಗೆ ಸಾಕ್ಷಿ ಬೇಡ. ಏಳನೇ ಎಡ್ವರ್ಡನ ಕುದುರೆ ಸವಾರಿ ಪ್ರತಿಮೆಯನ್ನು 1965ರಲ್ಲಿ ಭಾಯಖಳಾದ ಉದ್ಯಾನಕ್ಕೆ ಸಾಗಿಸಿದರು. ಜಾಗದ ಹೆಸರು ಕಾಲಾ ಘೋಡಾ ಆಗಿಯೇ ಉಳಿಯಿತು. 2017ರಲ್ಲಿ ಅಲ್ಲಿ ಹೊಸ ಕರಿಕುದುರೆ ಬಂತು, ಸವಾರನಿಲ್ಲದೆ. ರಾಜನನ್ನು ಬಿಟ್ಟು ಕುದುರೆಯನ್ನು ಇಟ್ಟುಕೊಂಡ ಈ ಊರಿನ ತೀರ್ಮಾನ ನನಗೆ ಹಿಡಿಸಿದೆ, ಆದರೆ ಅಮೆರಿಕದವರಿಗೆ ಅಷ್ಟು ಸುಲಭದ ದಾರಿಯಿಲ್ಲ. ಎಡ್ವರ್ಡನ ಮೊಮ್ಮಕ್ಕಳು ಇಲ್ಲಿ ಮತದಾರರಲ್ಲ.

ಅಲ್ಲಿ ಮತದಾರರಿದ್ದಾರೆ. ಆದ್ದರಿಂದ ಅಲಬಾಮಾ 2017ರಲ್ಲಿ ಹಳೆಯ ಸ್ಮಾರಕ ಮುಟ್ಟದಂತೆ ಕಾನೂನು ಮಾಡಿತು. ಜಾರ್ಜಿಯಾದ ಸ್ಟೋನ್ ಮೌಂಟನ್ ಬಂಡೆಯ ಮೇಲೆ ಲೀ, ಇನ್ನೊಬ್ಬ ಸೇನಾನಿ ಜ್ಯಾಕ್ಸನ್, ಕಾನ್ಫೆಡರಸಿಯ ಅಧ್ಯಕ್ಷ ಡೇವಿಸ್ ಮೂವರ ಕುದುರೆ ಸವಾರಿಯ ಕೆತ್ತನೆ ಕಾನೂನಿನ ರಕ್ಷಣೆಯಲ್ಲಿದೆ. ಅದು ಪೂರ್ತಿಯಾದದ್ದು 1972ರಲ್ಲಿ. ಅದೇ ಅಲಬಾಮಾದ ಮಾಂಟ್‌ಗಮರಿಯಲ್ಲಿ 2018ರಲ್ಲಿ ಬೇರೊಂದು ಸ್ಮಾರಕ ತೆರೆಯಿತು. ಗುಂಪುಗಳು ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ನೆನಪಿಗೆ, ಜಿಲ್ಲೆಗೊಂದರಂತೆ ಎಂಟುನೂರಕ್ಕೂ ಹೆಚ್ಚು ಉಕ್ಕಿನ ಕಂಬಗಳು. ಒಂದೇ ರಾಜ್ಯ ಎರಡು ನೆನಪನ್ನೂ ಇಟ್ಟುಕೊಂಡಿದೆ, ಒಂದೇ ದಿನದಲ್ಲೂ ಇಟ್ಟುಕೊಂಡಿದೆ: ಜನವರಿಯ ಮೂರನೇ ಸೋಮವಾರ ಅಲಬಾಮಾ ಮತ್ತು ಮಿಸಿಸಿಪ್ಪಿಯ ಸರಕಾರಿ ರಜಾಪಟ್ಟಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಲೀ ಇಬ್ಬರ ಹೆಸರೂ ಇದೆ.

ಜಗಳ ಈಗ ಹೊಸ ಜಾಣ್ಮೆ ಕಲಿತಿದೆ. ನಾರ್ತ್ ಕ್ಯಾರೊಲೈನಾದ ಸೇನಾನೆಲೆ ಫೋರ್ಟ್ ಬ್ರ್ಯಾಗ್‌ಗೆ ಕಾನ್ಫೆಡರಸಿಯ ಸೇನಾನಿ ಬ್ರಾಕ್ಸ್‌ಟನ್ ಬ್ರ್ಯಾಗ್‌ನ ಹೆಸರಿತ್ತು. ಅಂಥ ಹೆಸರುಗಳು ಬೇಡವೆಂದು ಸಂಸತ್ತು ಕಾನೂನು ಮಾಡಿದ ಮೇಲೆ 2023ರಲ್ಲಿ ಅದು ಫೋರ್ಟ್ ಲಿಬರ್ಟಿ ಆಯಿತು. 2025ರ ಫೆಬ್ರವರಿಯಲ್ಲಿ ಹಳೆಯ ಹೆಸರಿಗೆ ಮರಳಲು ಆದೇಶವಾಯಿತು. ಕಾನೂನು ಮುರಿಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಶೌರ್ಯ ತೋರಿದ ರೋಲಂಡ್ ಬ್ರ್ಯಾಗ್ ಎಂಬ ಸಾಮಾನ್ಯ ಸಿಪಾಯಿಯನ್ನು ಹುಡುಕಿ ತೆಗೆದು, ಈಗಿನ ಹೆಸರು ಆತನದು ಎಂದರು.